ಬಾಗಿಲವರೆಗೆ ಬಂದ ಜೊತೆ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯದ ಲೆಕ್ಕ ಮುಗಿಸಿ, ಮನೆಯಲ್ಲಿ ಒಲೆ ಹಚ್ಚುವ ಹೊತ್ತಾದರೂ ಕೂತಿದ್ದೀರಿ. ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ವರದಕ್ಷಿಣೆ, ಹೊಡೆತ ಬಡಿತಗಳ ವಿಚಾರ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಹೇಳಹೊರಟಿರುವುದು ರಾತ್ರಿ ಹೊತ್ತು ಹೆಂಗಸರನ್ನು ಮನೆ ಮುಟ್ಟಿಸುವ ಒಂದು ಕೆಲಸದ ಕುರಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದಾಗ ಎರಡು ವರ್ಷ ನಾನು ಆ ಕೆಲಸ ಮಾಡಿದೆ. ಆ ದೂರದ ದೇಶದ ಕಥೆ ನಮಗೇಕೆ ಅಂತ ಅನ್ನಿಸಬಹುದು. ಕೊನೆಗೆ ನೀವೇ ಹೇಳಿ.

ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹತ್ತು ಕ್ಯಾಂಪಸ್‌ಗಳಿವೆ. ಅವುಗಳಿಗೆ ತಮ್ಮದೇ ಪೊಲೀಸರಿದ್ದಾರೆ. ಅವರು ನಮ್ಮ ಕಾಲೇಜು ಗೇಟಿನ ಕಾವಲುಗಾರರ ಹಾಗಲ್ಲ. ಬಂದೂಕು ಇಟ್ಟುಕೊಂಡ, ಬಂಧಿಸುವ ಅಧಿಕಾರ ಇರುವ ನಿಜವಾದ ಪೊಲೀಸರು. ಅವರ ಕೈಕೆಳಗೆ ಕೆಲವು ವಿದ್ಯಾರ್ಥಿಗಳನ್ನು ಗಂಟೆಗಿಷ್ಟು ಎಂದು ಸಂಬಳ ಕೊಟ್ಟು ನೇಮಿಸಿಕೊಳ್ಳುತ್ತಾರೆ. ಇವರಿಗೆ ಸಮುದಾಯ ಸೇವಾ ಅಧಿಕಾರಿ ಎಂದು ಹೆಸರು, ಬಾಯಿಮಾತಿನಲ್ಲಿ ಸಿ.ಎಸ್.ಓ. ಹೆಸರಿಗೆ ಅಧಿಕಾರಿ ಅಷ್ಟೆ, ಅಧಿಕಾರವೇನೂ ಇಲ್ಲ. ಬಂದೂಕಿಲ್ಲ, ಯಾರನ್ನೂ ಹಿಡಿಯುವಂತಿಲ್ಲ. ನಮ್ಮ ಬಳಿ ಇದ್ದದ್ದು ದೂರದಿಂದ ಕಾಣುವ ಅಂಗಿ, ಒಂದು ಟಾರ್ಚು, ಒಂದು ವಾಕಿಟಾಕಿ. ಕಟ್ಟಡಗಳ ಬಾಗಿಲು ಹಾಕಿದೆಯೇ ನೋಡುವುದು, ಕೆಟ್ಟುಹೋದ ದೀಪ ಕಂಡರೆ ತಿಳಿಸುವುದು, ರಾತ್ರಿ ಒಬ್ಬರೇ ನಡೆಯಲು ಹೆದರುವವರು ಫೋನು ಮಾಡಿದರೆ ಹೋಗಿ ಜೊತೆಗೆ ನಡೆಯುವುದು ನಮ್ಮ ಕೆಲಸ. ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಈ ಜೊತೆ ನಡೆಯುವ ಸೇವೆಗೆ 'ಬೇರ್‌ವಾಕ್' ಎನ್ನುತ್ತಾರೆ. ವಿದೇಶದಿಂದ ಬಂದ ವಿದ್ಯಾರ್ಥಿಗಳು ಪಾಠ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು. ಖರ್ಚಿಗಾಗುತ್ತದೆ ಎಂದು ನಾನೂ ಸೇರಿದೆ.

ಪೊಲೀಸರೇ ಇರುವಾಗ ಬರಿಗೈ ಹುಡುಗ ಹುಡುಗಿಯರು ಯಾಕೆ? ಪೊಲೀಸರನ್ನು ಕರೆಯಲು ಅಲ್ಲಿಯೂ ಜನ ಅಂಜುತ್ತಾರೆ. 2011ರ ನವೆಂಬರ್ 18ರಂದು ಡೇವಿಸ್ ಕ್ಯಾಂಪಸ್ಸಿನಲ್ಲಿ ಸುಮ್ಮನೆ ನೆಲದ ಮೇಲೆ ಕೂತು ಪ್ರತಿಭಟಿಸುತ್ತಿದ್ದ ವಿದ್ಯಾರ್ಥಿಗಳ ಮುಖಕ್ಕೆ ಕ್ಯಾಂಪಸ್ ಪೊಲೀಸರೇ ಪೆಪ್ಪರ್ ಸ್ಪ್ರೇ ಹೊಡೆದರು. ಅಂಥದ್ದನ್ನು ಕಂಡ ಹುಡುಗಿ 'ಸ್ವಲ್ಪ ದೂರ ಜೊತೆಗೆ ಬನ್ನಿ' ಎಂದು ಪೊಲೀಸರನ್ನು ಕೇಳುತ್ತಾಳೆಯೇ? ತನ್ನ ಹಾಗೇ ಪುಸ್ತಕ ಹೊತ್ತ ಇನ್ನೊಬ್ಬ ಹುಡುಗಿಯನ್ನು ಕೇಳುತ್ತಾಳೆ.

ಆ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ, ಪ್ರಶ್ನೆ ಕೇಳಬಾರದು ಎಂಬುದು. ಇಷ್ಟು ಹೊತ್ತಲ್ಲಿ ಯಾಕೆ ಹೊರಗಿದ್ದೆ, ಯಾರ ಜೊತೆ ಇದ್ದೆ, ಇದೇನು ಬಟ್ಟೆ, ಇವು ಯಾವುವೂ ಇಲ್ಲ. ಎಲ್ಲಿಗೆ ಹೋಗಬೇಕು ಎಂದಷ್ಟೇ ಕೇಳಬೇಕು. ಅವಳು ಹೇಳಿದ ಕಡೆಗೆ ನಡೆಯಬೇಕು. ನಮ್ಮೂರಿನಲ್ಲಿ ಬೆಳೆದ ನನಗೆ ಇದು ಹೊಸದು. ನಮ್ಮಲ್ಲಿ ರಕ್ಷಣೆ ಎಂದರೆ ಹೆಣ್ಣನ್ನು ಒಳಗೆ ಕೂರಿಸುವುದು. ಇಲ್ಲಿ ಅವಳ ದಾರಿ ಅವಳದೇ, ನಾವು ಜೊತೆ ಮಾತ್ರ.

ಆದರೆ ಆ ಕೆಲಸದ ಮಿತಿಯನ್ನೂ ಹೇಳಬೇಕು. ಒಂದು ರಾತ್ರಿ ಗ್ರಂಥಾಲಯದಿಂದ ಒಬ್ಬಾಕೆ ಫೋನು ಮಾಡಿದಳು. ಸಣ್ಣಗೆ ಮಳೆ. ಸಂಸಾರವಂದಿಗ ವಿದ್ಯಾರ್ಥಿಗಳ ವಸತಿಗೆ ಹೋಗಬೇಕೆಂದಳು. ದಾರಿಯುದ್ದಕ್ಕೂ ಮಾತಿಲ್ಲ. ಮನೆ ಕಂಡ ಕೂಡಲೇ ನಿಂತು, 'ಇನ್ನೊಂದು ಸುತ್ತು ಹಾಕೋಣವೇ?' ಎಂದಳು. ಸುತ್ತು ಹಾಕಿದೆವು. ಮತ್ತೊಂದು ಸುತ್ತು ಹಾಕಿದೆವು. ವಾಕಿಟಾಕಿಯಲ್ಲಿ 'ಮುಗಿಯಿತೇ?' ಎಂದು ಕೇಳಿದರು. 'ಇನ್ನೂ ಇಲ್ಲ' ಎಂದೆ. ಕಡೆಗೆ ಬಾಗಿಲು ತಟ್ಟಿದಳು. ಗಂಡ ಬಾಗಿಲು ತೆಗೆದ, ನಕ್ಕ, ನನಗೆ ಥ್ಯಾಂಕ್ಸ್ ಹೇಳಿದ. ಬಾಗಿಲು ಮುಚ್ಚಿತು. ನಿಯಮದಂತೆ ನಾನು, 'ಸುರಕ್ಷಿತವಾಗಿ ತಲುಪಿದ್ದಾರೆ' ಎಂದು ವರದಿ ಕೊಟ್ಟೆ.

ಅಕ್ಕಂದಿರೇ, ಆ ಮಾತು ನನ್ನನ್ನು ಬಹಳ ದಿನ ಚುಚ್ಚಿತು. ಕತ್ತಲೆಯ ದಾರಿಯನ್ನು ದಾಟಿಸಿ ನಾನು ಅವಳನ್ನು ಒಪ್ಪಿಸಿದ್ದು ಯಾರ ಕೈಗೆ? ಅವಳಿಗೆ ಭಯವಿದ್ದದ್ದು ದಾರಿಯದ್ದಲ್ಲ.

ಮುಂದಿನ ವಾರ ಮತ್ತೆ ಕರೆದಳು. ಮೂರನೆಯ ಸಲ ಬೆಂಚಿನ ಮೇಲೆ ಕೂತು, 'ಬೇರೆ ಎಲ್ಲಾದರೂ ಹೋಗುವ ಜಾಗ ನಿಮಗೆ ಗೊತ್ತೇ?' ಎಂದಳು. ನಾನು ಪೊಲೀಸ್ ಇಲಾಖೆಯ ಕೆಲಸಗಾರ್ತಿ. ನನಗೆ ಹೇಳಿದ್ದನ್ನು ಗುಟ್ಟಾಗಿಡುತ್ತೇನೆಂದು ಮಾತು ಕೊಡುವ ಸ್ಥಿತಿಯಲ್ಲಿರಲಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟೆ. ಆಮೇಲೆ 'ಕೇರ್' ಎಂಬ ಕಚೇರಿಯ ಚೀಟಿ ಕೊಟ್ಟೆ. ಆ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಲ್ಲಿ ಈ ಕಚೇರಿ ಇದೆ. ಅಲ್ಲಿ ಹೇಳಿದ್ದು ಗುಟ್ಟಾಗಿರುತ್ತದೆ; ಪೊಲೀಸರಿಗೆ ದೂರು ಕೊಡಬೇಕೋ ಬೇಡವೋ ಎಂಬುದನ್ನು ಆಕೆಯೇ ತೀರ್ಮಾನಿಸುತ್ತಾಳೆ. ಎರಡು ದಿನ ಬಿಟ್ಟು ಹಗಲು ಹೊತ್ತಿನಲ್ಲಿ ಅವಳ ಜೊತೆ ಆ ಕಚೇರಿಗೆ ನಡೆದೆ. ಅದು ನನ್ನ ಪಾಳಿಯಾಗಿರಲಿಲ್ಲ. ಅವಳು ಒಳಗೆ ಹೋದಳು, ನಾನು ಹೊರಗೇ ಉಳಿದೆ. ಆಮೇಲೆ ಏನು ನಿರ್ಧರಿಸಿದಳೋ ನನಗೆ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಆದರೆ ಆ ದಿನದ ನಡಿಗೆಯೇ ನಿಜವಾದ ನಡಿಗೆ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಇನ್ನೊಂದು ವಿಷಯ. 1986ರ ಏಪ್ರಿಲ್ 5ರಂದು ಪೆನ್ಸಿಲ್ವೇನಿಯಾ ರಾಜ್ಯದ ಲೀಹೈ ವಿಶ್ವವಿದ್ಯಾಲಯದಲ್ಲಿ ಜೀನ್ ಕ್ಲೆರಿ ಎಂಬ 19 ವರ್ಷದ ಹುಡುಗಿಯನ್ನು ಅತ್ಯಾಚಾರ ಮಾಡಿ ಕೊಂದರು. ನಡೆದದ್ದು ಕತ್ತಲೆಯ ರಸ್ತೆಯಲ್ಲಲ್ಲ, ಹಾಸ್ಟೆಲಿನ ಅವಳದೇ ಕೋಣೆಯಲ್ಲಿ. ಕೊಂದವನು ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಅಲ್ಲಿ ಹಿಂದೆ ನಡೆದಿದ್ದ ಅಪರಾಧಗಳನ್ನು ಯಾರೂ ತಮಗೆ ತಿಳಿಸಿರಲಿಲ್ಲ ಎಂದು ತಂದೆ ತಾಯಿ ಹೋರಾಡಿದರು. ಅದರಿಂದ 1990ರಲ್ಲಿ ಒಂದು ಕಾನೂನು ಬಂತು. ಸರ್ಕಾರದ ಹಣಕಾಸು ನೆರವಿನ ಯೋಜನೆಗಳಲ್ಲಿರುವ ಕಾಲೇಜುಗಳು ತಮ್ಮಲ್ಲಿ ನಡೆದ ಅಪರಾಧಗಳ ಲೆಕ್ಕವನ್ನು ಪ್ರತಿ ವರ್ಷ ಬಹಿರಂಗ ಮಾಡಲೇಬೇಕು. ಗಂಡನ ಅಥವಾ ಗೆಳೆಯನ ಹೊಡೆತ, ಬೆನ್ನು ಹತ್ತಿ ಕಾಡುವುದು, ಇವನ್ನೂ ಆ ಲೆಕ್ಕಕ್ಕೆ ಸೇರಿಸಿದ್ದು 2013ರ ತಿದ್ದುಪಡಿಯಲ್ಲಿ. ನೋಡಿ, ಮನೆಯೊಳಗಿನ ಹೊಡೆತವನ್ನು ಅಪರಾಧದ ಪಟ್ಟಿಗೆ ಹಾಕಲು ಅಂಥ ದೇಶಕ್ಕೂ ಮತ್ತೆ 23 ವರ್ಷ ಬೇಕಾಯಿತು.

ಈಗ ನಮ್ಮ ಮಾತಿಗೆ ಬರೋಣ. ನಮ್ಮ ಸಂಘದ ಪುಸ್ತಕದಲ್ಲಿ ಹತ್ತು ರೂಪಾಯಿ ತಪ್ಪಿದರೂ ಹುಡುಕುತ್ತೇವೆ. ಆದರೆ ಈ ತಿಂಗಳು ಕಂತು ಕಟ್ಟದವಳು ಯಾಕೆ ಕಟ್ಟಲಿಲ್ಲ, ಸಾಲದ ದುಡ್ಡನ್ನು ಯಾರು ಕಿತ್ತುಕೊಂಡರು, ಸೆರಗಿನೊಳಗೆ ಅಡಗಿಸಿದ ಕೈಯಲ್ಲಿ ಏನಿದೆ ಎಂದು ಗೊತ್ತಿದ್ದೂ ನಾವು ಕಣ್ಣು ತಿರುಗಿಸುತ್ತೇವೆ. 'ಅವರ ಮನೆ ವಿಚಾರ' ಎನ್ನುತ್ತೇವೆ.

ಅದು ಬರೀ ಅವರ ಮನೆ ವಿಚಾರವಲ್ಲ ಎಂದು ನಮ್ಮ ಕಾನೂನೂ ಹೇಳುತ್ತದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಯ 2005ರ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಆ ಮನೆ ತನ್ನ ಹೆಸರಿನಲ್ಲಿ ಇಲ್ಲದಿದ್ದರೂ ಅದರಲ್ಲಿ ವಾಸಿಸುವ ಹಕ್ಕು ಹೆಂಡತಿಗೆ ಇದೆ. ವರದಕ್ಷಿಣೆಗಾಗಿ ಪೀಡಿಸುವುದೂ ಅದರ ಪ್ರಕಾರ ದೌರ್ಜನ್ಯವೇ. ದೌರ್ಜನ್ಯ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆಗಲಿ, ನೆರೆಮನೆಯವರಾಗಲಿ ಸಂಘದವರಾಗಲಿ, ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಪ್ರತಿ ಸಂಘವೂ ಇಬ್ಬರು ಜೊತೆಗಾತಿಯರನ್ನು ಗೊತ್ತು ಮಾಡಲಿ. ಯಾವಳಾದರೂ ಹೇಳಿ ಕಳಿಸಿದರೆ ಇಬ್ಬರೂ ಕೂಡಿಯೇ ಹೋಗಲಿ. ಜಗಳಕ್ಕೆ ನಿಲ್ಲಬೇಡಿ, ಪ್ರಾಣಕ್ಕೆ ಅಪಾಯ ಕಂಡರೆ 112ಕ್ಕೆ ಫೋನು ಮಾಡಿ. ಮಹಿಳಾ ಸಹಾಯವಾಣಿ 181. ನಿಮ್ಮ ತಾಲ್ಲೂಕಿನ ಸಂರಕ್ಷಣಾಧಿಕಾರಿ ಯಾರು, ಎಲ್ಲಿ ಕೂರುತ್ತಾರೆ ಎಂಬುದನ್ನು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ ಈ ವಾರವೇ ತಿಳಿದುಕೊಳ್ಳಿ. ಅವಳು ಒಪ್ಪಿದರೆ ಯಾವ ದಿನ, ಏನಾಯಿತು, ಎಲ್ಲಿ ಪೆಟ್ಟಾಯಿತು ಎಂದು ಬರೆದಿಡಿ. ಆದರೆ ಎಲ್ಲರೂ ತಿರುವಿ ಹಾಕುವ ಸಂಘದ ಪುಸ್ತಕದಲ್ಲಿ ಬೇಡ. ನಾಳೆ ಕೋರ್ಟಿಗೆ ಹೋದರೆ ಆ ಬರಹ ಅವಳ ಕೈ ಹಿಡಿಯುತ್ತದೆ. 'ಹೊಂದಿಕೊಂಡು ಹೋಗು' ಎಂದೂ ಹೇಳಬೇಡಿ, 'ಇವತ್ತೇ ಬಿಟ್ಟು ಬಾ' ಎಂದೂ ಹೇಳಬೇಡಿ. ಎಲ್ಲಿಗೆ ಹೋಗಬೇಕು ಎಂದು ಕೇಳಿ, ಜೊತೆಗೆ ನಡೆಯಿರಿ.

ನನಗೆ ಬಾಗಿಲವರೆಗೆ ಹೋಗಲು ಮಾತ್ರ ಅಪ್ಪಣೆ ಇತ್ತು. ಮರುದಿನ ನನ್ನ ಪಾಳಿ ಬೇರೆ ಕಡೆ. ನೀವು ಹಾಗಲ್ಲ. ನಿಮ್ಮ ಗೋಡೆ ಅವಳ ಗೋಡೆಗೆ ಅಂಟಿಕೊಂಡಿದೆ, ನೀವು ನೀರು ಹಿಡಿಯುವ ನಲ್ಲಿಯೂ ಅದೇ. ಬಾಗಿಲು ಮುಚ್ಚಿದ ಮೇಲೂ ನಿಮಗೆ ಕೇಳಿಸುತ್ತದೆ. ಕೇಳಿಸಿದ ಮೇಲೆ ಎದ್ದು ಹೋಗಿ ಆ ಬಾಗಿಲು ತಟ್ಟೋಣ.