ರಕ್ತ ನುಡಿಯುವ ಸಾಕ್ಷ್ಯ

ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ನಿಂತಿರುವ ವಾಣಿವಿಲಾಸ ಸಾಗರವನ್ನು ನಮ್ಮ ಜಿಲ್ಲೆಯಲ್ಲಿ ಅರಿಯದವರಿಲ್ಲ. 1933ರ ಬಳಿಕ ಅದು ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಮಳೆಗಾಲದಲ್ಲಿ ಪತ್ರಿಕೆ ತೆರೆದೊಡನೆ ನಾವು ಹುಡುಕುವುದು ಅದರ ನೀರಿನ ಮಟ್ಟವನ್ನು. ಇಂದಿನ ಅಂಕಿಯೊಂದರಿಂದಲೇ ನಮಗೆ ತೃಪ್ತಿಯಿಲ್ಲ; ನಿನ್ನೆಗಿಂತ ಏರಿತೆ, ಇಳಿಯಿತೆ ಎಂದು ಕೇಳುತ್ತೇವೆ. ರಕ್ತದಲ್ಲಿಯೂ ಇಂಥ ಒಂದು ಅಳತೆಯುಂಟು. ಗರ್ಭಕಂಠದ ಕ್ಯಾನ್ಸರಿನ ಗತಿಯನ್ನು ತಿಳಿಯಲು ವೈದ್ಯರು ಬಳಸುವ ಆ ಅಳತೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ.

ನಮ್ಮ ದೇಶದ ಸ್ತ್ರೀಯರನ್ನು ಕಾಡುವ ಕ್ಯಾನ್ಸರುಗಳಲ್ಲಿ ಸ್ತನದ ಕ್ಯಾನ್ಸರಿನ ನಂತರದ ಸ್ಥಾನ ಇದರದು. 2022ರ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ ಸುಮಾರು 1,27,000 ಮಂದಿಗೆ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು. ಸುಮಾರು 80,000 ಮಂದಿ ಇದಕ್ಕೆ ಬಲಿಯಾದರು.

1977ರಲ್ಲಿ ಜಪಾನಿನ ಕಾಟೊ ಮತ್ತು ಟೊರಿಗೊಎ ಎಂಬ ಸಂಶೋಧಕರು ಗರ್ಭಕಂಠದ ಗಡ್ಡೆಯಿಂದ ಬೇರ್ಪಡಿಸಿದ ಒಂದು ಪ್ರೋಟೀನನ್ನು ರೋಗಿಗಳ ರಕ್ತದಲ್ಲಿ ಅಳೆದು ತೋರಿಸಿದರು. ಅದಕ್ಕೆ ಇಂದು ಎಸ್‌ಸಿಸಿ ಪ್ರತಿಜನಕವೆಂದು ಹೆಸರು. ಚಿಕಿತ್ಸೆಗೆ ಮೊದಲೇ ಅದರ ಪ್ರಮಾಣ ಬಹಳ ಹೆಚ್ಚಿದ್ದರೆ ಗಡ್ಡೆ ದೊಡ್ಡದಾಗಿರುವ, ದುಗ್ಧಗ್ರಂಥಿಗಳಿಗೆ ಹರಡಿರುವ ಸಂಭವ ಹೆಚ್ಚು. ಚಿಕಿತ್ಸೆ ಫಲಿಸಿದಲ್ಲಿ ಪ್ರಮಾಣ ಇಳಿಯುತ್ತದೆ. ಇಳಿದದ್ದು ಮತ್ತೆ ಏರತೊಡಗಿದರೆ, ಮರುಕಳಿಸಿದ ರೋಗ ಕಣ್ಣಿಗೆ ಕಾಣುವ ಮುನ್ನವೇ ಹಲವು ವೇಳೆ ಸುಳಿವು ದೊರೆಯುತ್ತದೆ.

ಆದರೆ ಈ ಸಾಕ್ಷ್ಯಕ್ಕೂ ಮಿತಿಯುಂಟು. ರೋಗದ ಮೊದಲ ಹಂತದಲ್ಲಿ ಬಹುಮಂದಿಯ ರಕ್ತದಲ್ಲಿ ಅದು ಏರುವುದೇ ಇಲ್ಲ. ಆದುದರಿಂದ ರೋಗವಿದೆಯೆ ಇಲ್ಲವೆ ಎಂದು ಪತ್ತೆಹಚ್ಚಲು ಇದು ತಕ್ಕುದಲ್ಲ. ಕೆಲವು ಚರ್ಮರೋಗಗಳಲ್ಲಿ, ಮೂತ್ರಪಿಂಡದ ವೈಫಲ್ಯದಲ್ಲಿ ಕ್ಯಾನ್ಸರ್ ಇಲ್ಲದೆಯೂ ಅದು ಏರಬಹುದು. ಪರೀಕ್ಷೆಯ ನಳಿಕೆಗೆ ಎಂಜಲೋ ಬೆವರೋ ತಾಕಿದರೂ ಅಳತೆ ಕೆಡುವುದುಂಟು. ಗ್ರಂಥಿಮೂಲದ ಕ್ಯಾನ್ಸರಿನಲ್ಲಿ ಇದರ ನೆರವು ಕಡಿಮೆ. ಅಲ್ಲಿ ಸಿಎ-125 ಎಂಬ ಇನ್ನೊಂದು ಸೂಚಕವನ್ನು ನೋಡುವುದುಂಟು. ಎಲ್ಲಕ್ಕಿಂತ ಮಿಗಿಲಾಗಿ, ಅಂಕಿ ಹೇಳುವುದು ಸಂಭವವನ್ನು, ವಿಧಿಯನ್ನಲ್ಲ. ಹೆಚ್ಚಿನ ಅಂಕಿ ಬಂದವರೂ ಗುಣವಾಗಿದ್ದಾರೆ.

ಹಾಗಾದರೆ ಇದರಿಂದ ಪ್ರಯೋಜನವೇನು? ಒಂದು ಅಂಕಿಗೆ ಅರ್ಥ ಬರುವುದು ಅದರ ಹಿಂದಿನ, ಮುಂದಿನ ಅಂಕಿಗಳೊಡನೆ. ಆ ಸಾಲು ಬೆಳೆಯಬೇಕಾದರೆ ಆಕೆ ಮತ್ತೆ ಮತ್ತೆ ಆಸ್ಪತ್ರೆಗೆ ಬರಬೇಕು. ನಮ್ಮ ಕಷ್ಟವಿರುವುದು ಅಲ್ಲಿಯೇ. 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆ ಇರುವುದು ಬೆಂಗಳೂರಿನಲ್ಲಿ. ಚಿತ್ರದುರ್ಗದಿಂದ ಸುಮಾರು 200 ಕಿಲೋಮೀಟರ್. ಹೊಸದುರ್ಗದ, ಹೊಳಲ್ಕೆರೆಯ ಹಳ್ಳಿಯ ಹೆಂಗಸಿಗೆ ಅದು ಒಂದು ದಿನದ ಕೂಲಿಯನ್ನು, ಜತೆಗೊಬ್ಬರ ಕೂಲಿಯನ್ನು ಕಳೆದುಕೊಳ್ಳುವ ಪ್ರಯಾಣ. “ವಾಸಿಯಾಯಿತಲ್ಲ, ಇನ್ನೇಕೆ ಹೋಗುತ್ತೀಯೆ?” ಎಂದು ಮನೆಯವರು ಕೇಳುತ್ತಾರೆ. ಆಕೆಯೂ ಸುಮ್ಮನಾಗುತ್ತಾಳೆ. ರೋಗ ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿಯೇ. ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ ಬೇಕಾದುದೂ ಆ ಕಾಲದಲ್ಲಿಯೇ. ರಕ್ತಪರೀಕ್ಷೆ ಅದರ ಒಂದು ಅಂಗ ಮಾತ್ರ. ವೈದ್ಯರ ಕೈ ಕಣ್ಣುಗಳ ಪರೀಕ್ಷೆಗೆ ಅದು ಬದಲಿಯಾಗದು.

ಓದುಬರಹ ಬಲ್ಲ ನಾವು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ನಮ್ಮ ಮನೆಗೆಲಸಕ್ಕೆ ಬರುವಾಕೆಯೋ ಊರಿನ ನೆಂಟರೋ ಈ ಚಿಕಿತ್ಸೆ ಪಡೆದಿದ್ದರೆ, ಅವರ ವರದಿಗಳನ್ನು ತಾರೀಖಿನ ಕ್ರಮದಲ್ಲಿ ಒಂದು ಚೀಲದಲ್ಲಿ ಜೋಡಿಸಿಕೊಡಬಹುದು. ಮುಂದಿನ ತಪಾಸಣೆಯ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಕೊಡಬಹುದು. ಬಸ್ಸಿನ ಖರ್ಚಿಗೆ ಕೈ ನೀಡಬಹುದು. ಮೂವತ್ತು ದಾಟಿದ ಹೆಂಗಸರನ್ನು ತಪಾಸಣೆಗೂ ಒಂಬತ್ತರಿಂದ ಹದಿನಾಲ್ಕರ ಹೆಣ್ಣುಮಕ್ಕಳನ್ನು ಲಸಿಕೆಗೂ ಕರೆದೊಯ್ದರೆ ಈ ಅಂಕಿಗಳನ್ನು ಎಣಿಸುವ ಪ್ರಸಂಗವೇ ಹಲವರಿಗೆ ಬಾರದು. ನಾಚಿಕೆಯಿಂದ ಬಾಯಿ ಬಿಡದವಳ ಪರವಾಗಿ ಮನೆಯ ಯಾರಾದರೊಬ್ಬರು ಮೊದಲ ಮಾತನ್ನು ಆಡಬೇಕಾಗಿದೆ.