ಚಂದ್ರನ ಕಳಂಕ

ನಮ್ಮ ಕಾವ್ಯಪರಂಪರೆ ಚಂದ್ರನಿಗೆ ಶಶಾಂಕ, ಮೃಗಾಂಕ ಎಂಬ ಹೆಸರುಗಳನ್ನಿತ್ತಿದೆ. ಒಂದರಲ್ಲಿ ಅವನ ಮಡಿಲಲ್ಲಿರುವುದು ಮೊಲ, ಇನ್ನೊಂದರಲ್ಲಿ ಜಿಂಕೆ. ಲೋಕ ಅದನ್ನೇ ಕಳಂಕವೆಂದೂ ಕರೆಯಿತು. ಹುಣ್ಣಿಮೆಯ ಚಂದ್ರನ ಛಾಯಾಚಿತ್ರ ತೆಗೆಯುವ ಹವ್ಯಾಸ ಹತ್ತಿದ ಮೇಲೆ ಈ ಕಳಂಕದ ಬೆಲೆ ನನಗೆ ತಿಳಿಯಿತು.

ರಾಯಚೂರಿನ ಕೋಟೆಬೆಟ್ಟದಿಂದ ನೋಡಿದರೆ, ಮೂಡಣದಲ್ಲಿ ಏಳುವ ಹುಣ್ಣಿಮೆಯ ಚಂದ್ರ ತಾಮ್ರದ ಹರಿವಾಣದಷ್ಟು ದೊಡ್ಡವನೆನಿಸುತ್ತಾನೆ. ಕ್ಯಾಮರಾ ಇದನ್ನು ಒಪ್ಪುವುದಿಲ್ಲ. 50 ಮಿಲಿಮೀಟರ್ ಮಸೂರದಲ್ಲಿ ಅವನ ಬಿಂಬದ ಅಗಲ ಅರ್ಧ ಮಿಲಿಮೀಟರಿಗೂ ಕಡಿಮೆ. 500 ಮಿಲಿಮೀಟರಿನದರಲ್ಲಿ ಸುಮಾರು ನಾಲ್ಕೂವರೆ. ದಿಗಂತದ ಆ ಹಿರಿಮೆ ನಮ್ಮ ಮನಸ್ಸಿನದು.

ಬೆಳಕಿನ ಲೆಕ್ಕವೂ ವಿಚಿತ್ರವೇ. ರಾತ್ರಿಯೆಂದು ಕ್ಯಾಮರಾದ ಕಣ್ಣನ್ನು ಬಹಳ ಹೊತ್ತು ತೆರೆದಿಟ್ಟರೆ ದೊರೆಯುವುದು ಬರಿಯ ಬಿಳಿಯ ಬಿಲ್ಲೆ. ನಮಗೆ ಇರುಳಾದರೂ ಚಂದ್ರನ ನೆಲಕ್ಕೆ ಅದು ಹಗಲು. ಬಿಸಿಲಿನಲ್ಲಿ ಬಿದ್ದಿರುವ ಬಂಡೆಯನ್ನು ತೆಗೆಯುವಂತೆಯೇ ಅವನನ್ನೂ ತೆಗೆಯಬೇಕು: ಐಎಸ್‌ಒ 100, ದ್ವಾರ ಎಫ್-11, ಸೆಕೆಂಡಿನ ನೂರರಲ್ಲೊಂದು ಭಾಗ.

ಇಷ್ಟಾದರೂ ಹುಣ್ಣಿಮೆಯಂದು ಅಲ್ಲಿನ ಬೆಟ್ಟಗಳೂ ಕುಳಿಗಳೂ ಎದ್ದು ಕಾಣುವುದಿಲ್ಲ. ಕಾರಣ ನಮ್ಮ ನೆಲದಲ್ಲೇ ಇದೆ. ಮಾನ್ವಿ, ದೇವದುರ್ಗಗಳ ಕಡೆಯ ಬಂಡೆಗುಡ್ಡಗಳನ್ನು ನಡುಹಗಲಿನಲ್ಲಿ ನೋಡಿರಿ. ಉಬ್ಬುತಗ್ಗುಗಳೆಲ್ಲ ಒಂದೇ ಬಿಳುಪಿನಲ್ಲಿ ಕರಗಿಹೋಗಿರುತ್ತವೆ. ಸಂಜೆಯ ಓರೆಬಿಸಿಲು ತಾಗಿದೊಡನೆ ಒಂದೊಂದು ಬಂಡೆಯೂ ನೆರಳು ಚಾಚಿ ತನ್ನ ಆಕಾರವನ್ನು ಹೇಳತೊಡಗುತ್ತದೆ. ಹುಣ್ಣಿಮೆಯಂದು ಸೂರ್ಯನ ಬೆಳಕು ನಮ್ಮ ಬೆನ್ನ ಕಡೆಯಿಂದ ಚಂದ್ರನ ಮೇಲೆ ಬೀಳುವುದರಿಂದ ಅಲ್ಲಿನ ನೆರಳುಗಳು ನಮಗೆ ಮರೆಯಾಗುತ್ತವೆ. ಅಷ್ಟಮಿಯ ಚಂದ್ರನಲ್ಲಾದರೋ ಬೆಳಕು ಕತ್ತಲೆಗಳ ಗಡಿಯುದ್ದಕ್ಕೂ ಕುಳಿಗಳ ಅಂಚು ಕೆತ್ತಿದಂತೆ ತೋರುತ್ತದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದು ಆ ತಾಣದ ಬೆಳಗಿನ ಹೊತ್ತಿನಲ್ಲಿ. ಆ ಸಂಜೆ ನಮ್ಮ ಆಕಾಶದಲ್ಲಿದ್ದವನೂ ಹೆಚ್ಚು ಕಡಿಮೆ ಅರ್ಧಚಂದ್ರನೇ.

ಹಾಗಾದರೆ ಹುಣ್ಣಿಮೆಯ ಚಿತ್ರದಲ್ಲಿ ಉಳಿಯುವುದೇನು? ಆಕಾರ ಅಳಿದು ಬಣ್ಣ ಉಳಿಯುತ್ತದೆ. ದಕ್ಷಿಣದ ಟೈಕೋ ಎಂಬ ಕುಳಿ ಸುಮಾರು 85 ಕಿಲೋಮೀಟರ್ ಅಗಲದ್ದು. ಅದರಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಸಿಡಿದ ಬಿಳಿಯ ಗೆರೆಗಳು ಅಂದೇ ಚೆನ್ನಾಗಿ ಕಾಣುತ್ತವೆ. ಅದರೊಡನೆ ನಮ್ಮ ಮೊಲವೂ ಪೂರ್ಣವಾಗಿ ಮೂಡುತ್ತದೆ. ಅದರ ಮೈ ಬಹುಪಾಲು ಮುನ್ನೂರು ಕೋಟಿ ವರ್ಷಗಳಿಗೂ ಹಿಂದೆ ಉಕ್ಕಿ ಹರಿದು ಹೆಪ್ಪುಗಟ್ಟಿದ ಶಿಲಾರಸ. 1969ರಲ್ಲಿ ಅಪೊಲೊ-11ರ ಯಾತ್ರಿಕರು ಪ್ರಶಾಂತಸಾಗರವೆಂಬ ಅಂಥದೊಂದು ಬಯಲಿನಿಂದ ತಂದ ಕಲ್ಲುಗಳಲ್ಲಿ ಬಸಾಲ್ಟ್ ಇತ್ತು. ನಮ್ಮ ಕಲಬುರಗಿ, ವಿಜಯಪುರ ಸೀಮೆಯ ಕರಿಕಲ್ಲಿನ ಜಾತಿಯದೇ ಅದು.

ಮೊಲವನ್ನು ಅಳಿಸಿದರೆ ಹುಣ್ಣಿಮೆಯ ಚಿತ್ರದಲ್ಲಿ ನೋಡಲು ಹೆಚ್ಚೇನೂ ಉಳಿಯದು. ಚಂದ್ರನ ಚರಿತ್ರೆ ಬರೆದಿರುವುದೇ ಆ ಮಸಿಯಲ್ಲಿ. ಅದನ್ನು ಕಳಂಕವೆನ್ನಲು ನನಗಂತೂ ಈಗ ನಾಲಗೆ ಏಳುವುದಿಲ್ಲ.