ಎರಡು ಮತದಾನಗಳು ಕಲಿಸುವ ಪಾಠ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಭಾಷೆ ಕಲಿಸುವ ಶಿಕ್ಷಕ. ಒಂದು ಪೀರಿಯಡ್ ಉರ್ದು, ಮುಂದಿನ ಪೀರಿಯಡ್ ಕನ್ನಡ. ಆದ್ದರಿಂದ ಎರಡು ಪದಗಳಿಂದಲೇ ನನ್ನ ಮಾತನ್ನು ಆರಂಭಿಸುತ್ತೇನೆ. ಮೊದಲನೆಯದು ಉರ್ದುವಿನ ‘ಪನಾಹ್’. ಕನ್ನಡದಲ್ಲಿ ಇದನ್ನು ಆಶ್ರಯ, ಆಸರೆ ಎನ್ನುತ್ತೇವೆ. ಆಶ್ರಯ ಬೇಡಿ ಬಂದವರನ್ನು ‘ಮರೆಹೊಕ್ಕವರು’ ಎಂದು ಕರೆಯುವ ಹಳೆಯ ಮಾತೂ ನಮ್ಮಲ್ಲಿದೆ. ಎರಡನೆಯದು ‘ಪಿಂಚಣಿ’. ಪೆನ್ಷನ್ ಎಂಬ ಇಂಗ್ಲಿಷ್ ಪದವನ್ನು ನಮ್ಮ ಜನ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡಾಗ ಹುಟ್ಟಿದ ಪದ ಇದು.

ಪನಾಹ್ ಬೇಕಾದದ್ದು ಊರು ಬಿಟ್ಟು ಓಡಿಬಂದವನಿಗೆ. ಪಿಂಚಣಿ ಬೇಕಾದದ್ದು ಊರಿನಲ್ಲೇ ದುಡಿದು ಮುಪ್ಪಾದವನಿಗೆ. ಇಬ್ಬರ ಬದುಕೂ ಸಂಸತ್ತು ಕೈಗೊಳ್ಳುವ ತೀರ್ಮಾನವನ್ನು ಅವಲಂಬಿಸಿದೆ. ಆದರೆ ಒಬ್ಬನ ಕೈಯಲ್ಲಿ ಓಟು ಇದೆ, ಇನ್ನೊಬ್ಬನ ಕೈಯಲ್ಲಿ ಇಲ್ಲ. ಈ ಒಂದೇ ವ್ಯತ್ಯಾಸ ಏನೆಲ್ಲ ಮಾಡಬಲ್ಲದು ಎಂಬುದನ್ನು ಬ್ರಿಟನ್ನಿನ ಸಂಸತ್ತಿನಲ್ಲಿ ನಡೆದ ಎರಡು ಮತದಾನಗಳ ಮೂಲಕ ನಿಮ್ಮ ಮುಂದಿಡಲು ಬಯಸುತ್ತೇನೆ. ಬ್ರಿಟನ್ನೇ ಏಕೆ ಎಂದು ನೀವು ಕೇಳಬಹುದು. ನಮ್ಮ ಸಂಸದೀಯ ಪದ್ಧತಿಯ ಬಹುಪಾಲು ಬಂದದ್ದು ಅಲ್ಲಿಂದಲೇ. ತಾಯಿಬೇರನ್ನು ನೋಡಿದರೆ ಗಿಡದ ಗುಣ ತಿಳಿಯುತ್ತದೆ.

ಮೊದಲು ಅಲ್ಲಿ ಮತದಾನ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಅಲ್ಲಿನ ಕೆಳಮನೆಯ ಹೆಸರು ಹೌಸ್ ಆಫ್ ಕಾಮನ್ಸ್. ಚರ್ಚೆ ಮುಗಿದ ಮೇಲೆ ಸಭಾಧ್ಯಕ್ಷರು ‘ಹೌದು’ ಎನ್ನುವವರ ಮತ್ತು ‘ಇಲ್ಲ’ ಎನ್ನುವವರ ಧ್ವನಿಯನ್ನು ಕೇಳುತ್ತಾರೆ. ತಕರಾರು ಬಂದರೆ ಗಂಟೆ ಬಾರಿಸುತ್ತದೆ. ಎಂಟು ನಿಮಿಷಗಳೊಳಗೆ ಸದಸ್ಯರೆಲ್ಲರೂ ಎದ್ದು ಬರಬೇಕು. ‘ಹೌದು’ ಎನ್ನುವವರಿಗೆ ಒಂದು ಪಡಸಾಲೆ, ‘ಇಲ್ಲ’ ಎನ್ನುವವರಿಗೆ ಇನ್ನೊಂದು. ತಮ್ಮ ಕಾಲಿನಿಂದ ನಡೆದುಹೋಗಿಯೇ ಅವರು ಮತ ಹಾಕುತ್ತಾರೆ. ಯಾರು ಯಾವ ಪಡಸಾಲೆಗೆ ಹೋದರು ಎಂಬುದು ಹೆಸರಿನ ಸಮೇತ ಮುದ್ರಣವಾಗುತ್ತದೆ. ಭಾಷಣದಲ್ಲಿ ಕಣ್ಣೀರು ಹಾಕಿದವರು ಮತದ ಹೊತ್ತಿಗೆ ಎಲ್ಲಿದ್ದರು ಎಂಬುದನ್ನು ಆ ಪಟ್ಟಿ ಹೇಳಿಬಿಡುತ್ತದೆ.

ಈಗ ಮೊದಲನೆಯ ಮತದಾನಕ್ಕೆ ಬರೋಣ. ಬ್ರಿಟನ್ನಿನಲ್ಲಿ ವೃದ್ಧಾಪ್ಯ ಪಿಂಚಣಿ ಕಾಯಿದೆಯಾದದ್ದು 1908ರಲ್ಲಿ. 70 ವರ್ಷ ದಾಟಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ ಐದು ಶಿಲಿಂಗ್. 1997ರಲ್ಲಿ ಅಲ್ಲಿನ ಸರ್ಕಾರ ಇದಕ್ಕೆ ಇನ್ನೊಂದು ಸೌಲಭ್ಯ ಸೇರಿಸಿತು. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ವೃದ್ಧರಿಗೆ ಕೊಡುವ ಇಂಧನ ಭತ್ಯೆ ಅದು. ನಮ್ಮ ಚಳಿಯಂತಲ್ಲ ಅಲ್ಲಿನ ಚಳಿ. ಮನೆಯೊಳಗೆ ಕಾವು ಇಲ್ಲದಿದ್ದರೆ ಮುದುಕರ ಪ್ರಾಣಕ್ಕೇ ಕುತ್ತು.

2024ರ ಜುಲೈ 4ರ ಚುನಾವಣೆಯಲ್ಲಿ ಲೇಬರ್ ಪಕ್ಷ ಭಾರೀ ಬಹುಮತದಿಂದ ಗೆದ್ದಿತು. ಅದೇ ತಿಂಗಳ 29ರಂದು ಹಣಕಾಸು ಸಚಿವೆ ರೇಚಲ್ ರೀವ್ಸ್, ಬೊಕ್ಕಸದಲ್ಲಿ ದೊಡ್ಡ ಕೊರತೆ ಇದೆ, ಆದ್ದರಿಂದ ಈ ಭತ್ಯೆಯನ್ನು ಅತಿ ಬಡ ಪಿಂಚಣಿದಾರರಿಗೆ ಮಾತ್ರ ಕೊಡಲಾಗುವುದು ಎಂದು ಪ್ರಕಟಿಸಿದರು. ಶ್ರೀಮಂತ ವೃದ್ಧರಿಗೂ ಸರ್ಕಾರದ ಹಣ ಹೋಗುತ್ತಿದೆ ಎಂಬ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಗೆರೆಯನ್ನು ತೀರಾ ಕೆಳಗೆ ಎಳೆದರು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು ಒಂದು ಕೋಟಿ ವೃದ್ಧರು ಭತ್ಯೆ ಕಳೆದುಕೊಳ್ಳುವವರ ಸಾಲಿಗೆ ಸೇರಿದರು. ಸೆಪ್ಟೆಂಬರ್ 10ರಂದು ಈ ನಿಯಮವನ್ನು ರದ್ದುಪಡಿಸುವ ನಿರ್ಣಯ ಕೆಳಮನೆಯ ಮುಂದೆ ಬಂತು. ರದ್ದಾಗಬೇಕು ಎಂದವರು 228, ಬೇಡ ಎಂದವರು 348. ಸರ್ಕಾರ 120 ಮತಗಳ ಅಂತರದಿಂದ ಗೆದ್ದಿತು. ಆಡಳಿತ ಪಕ್ಷದಿಂದ ಒಬ್ಬರೇ ಒಬ್ಬರು ಸರ್ಕಾರದ ವಿರುದ್ಧ ಮತ ಹಾಕಿದರು. ಹಲವರು ಮತವನ್ನೇ ಹಾಕಲಿಲ್ಲ.

ಕಥೆ ಅಲ್ಲಿಗೆ ಮುಗಿಯಿತೇ? ಇಲ್ಲ. ವೃದ್ಧರ ಕೈಯಲ್ಲಿ ಓಟು ಇತ್ತು. 2025ರ ಮೇ ತಿಂಗಳ ಸ್ಥಳೀಯ ಚುನಾವಣೆಗಳಲ್ಲಿ ಲೇಬರ್ ಪಕ್ಷ ಪೆಟ್ಟು ತಿಂದಿತು. ಓಟು ಕೇಳಲು ಹೋದಲ್ಲೆಲ್ಲ ಜನ ಈ ಭತ್ಯೆಯ ಮಾತೆತ್ತುತ್ತಾರೆ ಎಂದು ಆ ಪಕ್ಷದವರೇ ಹೇಳತೊಡಗಿದರು. ಜೂನ್ 9ರಂದು ಸರ್ಕಾರ ಹೆಜ್ಜೆ ಹಿಂದಿಟ್ಟಿತು. ವರ್ಷಕ್ಕೆ 35,000 ಪೌಂಡ್‌ವರೆಗೆ ಆದಾಯವಿರುವ ಪಿಂಚಣಿದಾರರಿಗೆಲ್ಲ ಭತ್ಯೆ ಮರಳಿ ಬಂತು. 120 ಮತಗಳ ಅಂತರದಿಂದ ಗೆದ್ದ ತೀರ್ಮಾನ ಒಂಬತ್ತು ತಿಂಗಳಲ್ಲಿ ಕುಸಿಯಿತು.

ಇನ್ನು ಎರಡನೆಯ ಮತದಾನ, ಪನಾಹ್ ಬೇಡಿ ಬಂದವರದು. ಫ್ರಾನ್ಸ್ ಮತ್ತು ಇಂಗ್ಲೆಂಡಿನ ನಡುವಿನ ಸಮುದ್ರವನ್ನು ರಬ್ಬರ್ ದೋಣಿಗಳಲ್ಲಿ ದಾಟಿ 2022ರಲ್ಲಿ 45 ಸಾವಿರಕ್ಕೂ ಹೆಚ್ಚು ಜನ ಬ್ರಿಟನ್ನಿಗೆ ಬಂದರು. ಆಫ್ಘಾನಿಸ್ತಾನ, ಇರಾನ್, ಸಿರಿಯಾ, ಎರಿಟ್ರಿಯಾ ಮೊದಲಾದ ದೇಶಗಳವರು ಅವರಲ್ಲಿದ್ದರು. 2021ರ ನವೆಂಬರ್ 24ರಂದು ಒಂದೇ ದೋಣಿ ಮುಳುಗಿ ಕನಿಷ್ಠ 27 ಜನ ಸತ್ತಿದ್ದರು. ಜನರನ್ನು ಹೀಗೆ ಸಾಗಿಸುವ ದಂಧೆಯನ್ನು ನಿಲ್ಲಿಸಬೇಕು ಎಂಬುದರಲ್ಲಿ ಯಾವ ಪಕ್ಷಕ್ಕೂ ಭಿನ್ನಾಭಿಪ್ರಾಯವಿರಲಿಲ್ಲ. ಹೇಗೆ ಎಂಬುದೇ ಪ್ರಶ್ನೆ. ಆಗಿನ ಕನ್ಸರ್ವೇಟಿವ್ ಸರ್ಕಾರ 2022ರ ಏಪ್ರಿಲ್ 14ರಂದು ಒಂದು ಯೋಜನೆ ಪ್ರಕಟಿಸಿತು. ಹೀಗೆ ಬಂದವರನ್ನು ಆಫ್ರಿಕಾದ ರುವಾಂಡಾ ದೇಶಕ್ಕೆ ವಿಮಾನದಲ್ಲಿ ಕಳಿಸುವುದು, ಅವರ ಅರ್ಜಿಗಳ ವಿಚಾರಣೆಯೂ ಅಲ್ಲೇ, ಅರ್ಜಿ ಒಪ್ಪಿಗೆಯಾದರೆ ವಾಸವೂ ಅಲ್ಲೇ.

2023ರ ನವೆಂಬರ್ 15ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ಒಮ್ಮತದಿಂದ ಈ ಯೋಜನೆ ಕಾನೂನುಬಾಹಿರ ಎಂದರು. ರುವಾಂಡಾದಿಂದ ಈ ಜನರನ್ನು, ಅವರು ಯಾವ ದೇಶಕ್ಕೆ ಹೆದರಿ ಓಡಿಬಂದರೋ ಅದೇ ದೇಶಕ್ಕೆ ಮರಳಿ ಅಟ್ಟುವ ಅಪಾಯವಿದೆ ಎಂಬುದು ಕಾರಣ. ಹಾಗೆ ಮರಳಿ ಅಟ್ಟಬಾರದು ಎಂಬುದು 1951ರ ನಿರಾಶ್ರಿತರ ಒಪ್ಪಂದದ ಮೂಲ ಮಾತು.

ಸರ್ಕಾರ ಏನು ಮಾಡಿತು? ರುವಾಂಡಾ ಸುರಕ್ಷಿತ ದೇಶ ಎಂದೇ ಎಲ್ಲ ಅಧಿಕಾರಿಗಳೂ ನ್ಯಾಯಾಲಯಗಳೂ ಪರಿಗಣಿಸಬೇಕು ಎಂಬ ಮಸೂದೆಯನ್ನು ತಂದಿತು. 2024ರ ಜನವರಿ 17ರಂದು ಕೆಳಮನೆ ಅದನ್ನು 320ಕ್ಕೆ 276 ಮತಗಳಿಂದ ಅಂಗೀಕರಿಸಿತು. ಸ್ವಲ್ಪ ಯೋಚಿಸಿ ನೋಡಿ. ತೆರಿಗೆ ಎಷ್ಟಿರಬೇಕು, ಭತ್ಯೆ ಯಾರಿಗೆ ಕೊಡಬೇಕು ಎಂಬುದನ್ನು ಮತದಿಂದ ನಿರ್ಧರಿಸಬಹುದು. ಆದರೆ ಒಂದು ಸ್ಥಳ ಸುರಕ್ಷಿತವೋ ಅಲ್ಲವೋ ಎಂಬ ಸಂಗತಿಯನ್ನು ಮತ ಹಾಕಿ ಬದಲಿಸಲು ಸಾಧ್ಯವೇ? ಕೆರೆಯ ನೀರು ಕುಡಿಯಲು ಯೋಗ್ಯ ಎಂದು ಪಂಚಾಯಿತಿ ಬಹುಮತದಿಂದ ಠರಾವು ಮಾಡಿದರೆ ನೀರು ಶುದ್ಧವಾಗುವುದಿಲ್ಲ.

ಈ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದ್ದು ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್. ರುವಾಂಡಾದೊಡನೆ ಮಾಡಿಕೊಂಡ ಒಪ್ಪಂದದ ರಕ್ಷಣೆಗಳು ಜಾರಿಗೆ ಬರುವ ತನಕ ಅದನ್ನು ಸ್ಥಿರೀಕರಿಸಬಾರದು ಎಂದು ಜನವರಿ 22ರಂದು ಮೇಲ್ಮನೆ 214ಕ್ಕೆ 171 ಮತಗಳಿಂದ ಹೇಳಿತು. ಮಸೂದೆಯನ್ನು ತಿದ್ದುಪಡಿಗಳೊಡನೆ ಮತ್ತೆ ಮತ್ತೆ ಹಿಂದಕ್ಕೆ ಕಳಿಸಿತು. ಆಫ್ಘಾನಿಸ್ತಾನದಲ್ಲಿ ಬ್ರಿಟಿಷ್ ಸೈನ್ಯಕ್ಕೆ ನೆರವಾದವರನ್ನಾದರೂ ಬಿಟ್ಟುಬಿಡಿ ಎಂದಿತು. ಕೊನೆಗೆ ಏಪ್ರಿಲ್ 22ರ ರಾತ್ರಿ ಮೇಲ್ಮನೆ ಸೋತಿತು, ಏಪ್ರಿಲ್ 25ರಂದು ಮಸೂದೆ ಕಾಯಿದೆಯಾಯಿತು. ಜುಲೈನಲ್ಲಿ ಸರ್ಕಾರ ಬದಲಾಗಿ ಯೋಜನೆ ನಿಂತುಹೋಯಿತು. ಅಷ್ಟರಲ್ಲಿ 70 ಕೋಟಿ ಪೌಂಡ್ ಖರ್ಚಾಗಿತ್ತು ಎಂದು ಹೊಸ ಗೃಹ ಸಚಿವೆ ಸದನಕ್ಕೆ ತಿಳಿಸಿದರು. ಒತ್ತಾಯದಿಂದ ಕಳಿಸಲಾದವರು ಒಬ್ಬರೂ ಇಲ್ಲ. ತಾವಾಗಿ ಒಪ್ಪಿ ಹೋದವರು ನಾಲ್ಕು ಜನ. ಯೋಜನೆ ನಿಂತರೂ, ಎರಡು ವರ್ಷಗಳಿಗೂ ಮಿಕ್ಕಿ ಸಾವಿರಾರು ಜನ ವಿಮಾನ ಹತ್ತಿಸುವ ದಿನ ಎಂದು ಬರುತ್ತದೋ ಎಂದು ಕಾದದ್ದಕ್ಕೆ ಯಾವ ಭತ್ಯೆಯೂ ಮರಳಿ ಬರಲಿಲ್ಲ.

ನಲ್ಮೆಯ ವಿದ್ಯಾರ್ಥಿಗಳೇ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ವೃದ್ಧರು ಸದನದೊಳಗೆ ಸೋತರೂ ಓಟಿನ ಪೆಟ್ಟಿಗೆಯ ಬಳಿ ಗೆದ್ದರು. ದೋಣಿಯಲ್ಲಿ ಬಂದವನಿಗೆ ಆ ಪೆಟ್ಟಿಗೆಯೇ ಇಲ್ಲ. ಇನ್ನೊಂದು ಸಂಗತಿ ನಿಮಗೆ ಗೊತ್ತೇ? ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯರು, ಭಾರತದ ಪಾಸ್‌ಪೋರ್ಟ್ ಹೊಂದಿದ್ದರೂ, ಕಾಮನ್‌ವೆಲ್ತ್ ದೇಶದವರೆಂಬ ಕಾರಣದಿಂದ ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಅಲ್ಲಿ ದುಡಿಯುವ ನಮ್ಮ ಕನ್ನಡಿಗ ದಾದಿಯರಿಗೂ ಎಂಜಿನಿಯರರಿಗೂ ಓಟು ಇದೆ, ಕಾಬೂಲಿನಿಂದ ಓಡಿಬಂದು ಪನಾಹ್ ಬೇಡುತ್ತಿರುವವನಿಗೆ ಇಲ್ಲ. ಹಾಗಾದರೆ ಓಟು ಇಲ್ಲದವನ ಪರವಾಗಿ ಮಾತನಾಡಬೇಕಾದವರು ಯಾರು? ಓಟು ಇರುವವರೇ.

ಇಂಥವರು ಸದನದಲ್ಲಿ ಇಲ್ಲದಿಲ್ಲ. ಆಲ್ಫ್ ಡಬ್ಸ್ ಎಂಬವರು 1939ರಲ್ಲಿ ಆರು ವರ್ಷದ ಬಾಲಕನಾಗಿ, ನಾಜಿಗಳ ವಶವಾಗಿದ್ದ ಪ್ರಾಗ್ ನಗರದಿಂದ ರೈಲಿನಲ್ಲಿ ಬ್ರಿಟನ್ನಿಗೆ ಬಂದವರು. ಬೆಳೆದು ಕೆಳಮನೆಗೆ ಆಯ್ಕೆಯಾದರು, ಆಮೇಲೆ ಮೇಲ್ಮನೆಗೆ ಹೋದರು. ಯುರೋಪಿನಲ್ಲಿ ಒಂಟಿಯಾಗಿ ಅಲೆಯುತ್ತಿದ್ದ 3,000 ನಿರಾಶ್ರಿತ ಮಕ್ಕಳನ್ನು ಕರೆಸಿಕೊಳ್ಳಬೇಕು ಎಂದು 2016ರಲ್ಲಿ ಅವರು ತಂದ ತಿದ್ದುಪಡಿಯನ್ನು ಕೆಳಮನೆ 294ಕ್ಕೆ 276 ಮತಗಳಿಂದ ತಳ್ಳಿಹಾಕಿತು. ಅವರು ಬಿಡಲಿಲ್ಲ. ಸಂಖ್ಯೆಯನ್ನು ತೆಗೆದು ಮತ್ತೆ ತಂದರು. ಜನಾಭಿಪ್ರಾಯಕ್ಕೆ ಸರ್ಕಾರ ಮಣಿಯಿತು. ಕೊನೆಗೆ ನಿಗದಿಯಾದದ್ದು 480 ಮಕ್ಕಳು ಮಾತ್ರ. 3,000ದ ಮುಂದೆ ಅದು ಕಡಿಮೆಯೇ. ಆದರೆ ಆ 480 ಮಕ್ಕಳಿಗೆ ಅದು ಕಡಿಮೆಯಲ್ಲ.

ಇಲ್ಲಿ ನಮ್ಮ ಸಮುದಾಯದ ಯುವಕರು ಗಮನಿಸಬೇಕಾದ ಮಾತೊಂದಿದೆ. ಚುನಾವಣೆ ಮುಗಿದ ಕೂಡಲೇ ನಾವು ಹೆಸರು ಎಣಿಸುತ್ತೇವೆ, ನಮ್ಮವರು ಎಷ್ಟು ಜನ ಗೆದ್ದರು ಎಂದು. ರುವಾಂಡಾ ಒಪ್ಪಂದಕ್ಕೆ ಸಹಿ ಹಾಕಿದ ಪ್ರೀತಿ ಪಟೇಲ್ ಅವರ ತಂದೆತಾಯಿ ಉಗಾಂಡಾದಿಂದ ಬಂದವರು. ಮಸೂದೆ ತಂದ ಪ್ರಧಾನಿ ರಿಷಿ ಸುನಕ್, ನಾರಾಯಣಮೂರ್ತಿ ಮತ್ತು ಸುಧಾ ಮೂರ್ತಿಯವರ ಅಳಿಯ, ಅಂದರೆ ನಮ್ಮ ಕರ್ನಾಟಕದ ಅಳಿಯ. ಅವರ ತಂದೆತಾಯಿಯೂ ಪೂರ್ವ ಆಫ್ರಿಕಾದಿಂದ ಬಂದವರು. 2025ರ ನವೆಂಬರ್‌ನಲ್ಲಿ, ನಿರಾಶ್ರಿತರಿಗೆ ಕೊಡುವ ಆಶ್ರಯ ತಾತ್ಕಾಲಿಕ, ಎರಡೂವರೆ ವರ್ಷಕ್ಕೊಮ್ಮೆ ಮರುಪರಿಶೀಲನೆ ಎಂಬ ಬಿಗಿ ನೀತಿಯನ್ನು ಪ್ರಕಟಿಸಿದ ಲೇಬರ್ ಗೃಹ ಸಚಿವೆ ಶಬಾನಾ ಮಹಮೂದ್ ಕೂಡ ವಲಸೆ ಬಂದ ಕುಟುಂಬದವರೇ. ಇವರನ್ನು ನಿಂದಿಸಲು ಇದನ್ನು ಹೇಳುತ್ತಿಲ್ಲ. ಅವರವರ ಕಾರಣಗಳು ಅವರವರಿಗಿವೆ. ಹೆಸರು ನೋಡಿ ಮತವನ್ನು ಊಹಿಸಬೇಡಿ, ಮತದ ಪಟ್ಟಿ ನೋಡಿ ವ್ಯಕ್ತಿಯನ್ನು ಅಳೆಯಿರಿ ಎಂಬುದಷ್ಟೇ ನನ್ನ ಮಾತು.

ಆದರೆ ನಮ್ಮಲ್ಲಿ ಆ ಪಟ್ಟಿ ಸಿಗುವುದು ಅಪರೂಪ. ನಮ್ಮ ಲೋಕಸಭೆಯಲ್ಲಿ ಬಹುತೇಕ ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಧ್ವನಿಗೆ ಹೆಸರಿಲ್ಲ. ಸದಸ್ಯರು ಕೇಳಿದರೆ ಮಾತ್ರ ಹೆಸರುವಾರು ಮತದಾನ. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ವಿಪ್ ಮೀರಿದ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಬ್ರಿಟನ್ನಿನಲ್ಲಿ ಪಕ್ಷದ ಕೋಪಕ್ಕೆ ಗುರಿಯಾದರೂ ಸ್ಥಾನ ಉಳಿಯುತ್ತದೆ. ಪಿಂಚಣಿಯ ಮಾತಿಗೆ ಬಂದರೆ, ಹೊಸ ಪಿಂಚಣಿ ಪದ್ಧತಿ ಕೇಂದ್ರದ ಹೊಸ ನೌಕರರಿಗೆ 2004ರ ಜನವರಿ 1ರಿಂದ, ನಮ್ಮ ರಾಜ್ಯದ ಹೊಸ ನೌಕರರಿಗೆ 2006ರ ಏಪ್ರಿಲ್ 1ರಿಂದ ಅನ್ವಯವಾಯಿತು. ಅದನ್ನು ನಿಯಂತ್ರಿಸುವ ಕಾಯಿದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2013ರಲ್ಲಿ. ಮೊದಲು ಆದೇಶ, ಆಮೇಲೆ ಮತ. ಇಲ್ಲಿ ಕುಳಿತಿರುವ ಅನೇಕ ಶಿಕ್ಷಕರ ಮುಪ್ಪಿನ ಲೆಕ್ಕ ಬದಲಾದದ್ದು ಹೀಗೆ.

ಆಶ್ರಯದ ವಿಷಯದಲ್ಲಿ ನಮ್ಮ ದೇಶ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೆ ನಮ್ಮ ಸಂವಿಧಾನದ 14 ಮತ್ತು 21ನೇ ವಿಧಿಗಳನ್ನು ತೆರೆದು ಓದಿ. ಸಮಾನತೆ ಮತ್ತು ಜೀವದ ರಕ್ಷಣೆಯ ಮಾತು ಬಂದಲ್ಲಿ ಅಲ್ಲಿರುವ ಪದ ‘ಪೌರ’ ಅಲ್ಲ, ‘ವ್ಯಕ್ತಿ’. ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಒಂದು ಪದದ ಆಯ್ಕೆ ಎಷ್ಟು ಜೀವಗಳನ್ನು ಕಾಯಬಲ್ಲದು ನೋಡಿ! ಭಾಷೆಯ ಪಾಠ ಪರೀಕ್ಷೆಗೆ ಮಾತ್ರ ಎಂದು ಯಾರೂ ತಿಳಿಯಬೇಡಿ.

ಕೊನೆಯದಾಗಿ ಮೂರು ಕೋರಿಕೆಗಳು. 18 ತುಂಬಿದವರು ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿ. ಈಗ ಇದಕ್ಕೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ನಿಮ್ಮ ಕ್ಷೇತ್ರದ ಸದಸ್ಯರು ಸದನದಲ್ಲಿ ಏನು ಕೇಳಿದರು, ಯಾವುದಕ್ಕೆ ಮತ ಹಾಕಿದರು ಎಂಬುದನ್ನು ವರ್ಷಕ್ಕೊಮ್ಮೆಯಾದರೂ ಹುಡುಕಿ ಓದಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಓಟು ಹಾಕುವಾಗ ನಿಮ್ಮ ಭತ್ಯೆ, ನಿಮ್ಮ ರಸ್ತೆ, ನಿಮ್ಮ ಪಿಂಚಣಿಯನ್ನು ಖಂಡಿತ ನೆನೆಯಿರಿ. ಜೊತೆಗೆ ಆ ಸಾಲಿನಲ್ಲಿ ನಿಲ್ಲಲಾಗದ ಒಬ್ಬರನ್ನೂ ನೆನೆಯಿರಿ. ಅದು ದಾಖಲೆಯಿಲ್ಲದ ಕೂಲಿಯವನಿರಬಹುದು, 18 ತುಂಬದ ಮಗು ಇರಬಹುದು, ದೂರದ ದೇಶದಿಂದ ಬಂದ ನಿರಾಶ್ರಿತನಿರಬಹುದು. ಅವರ ಪಾಲಿನ ಮಾತೂ ನಿಮ್ಮ ಬೆರಳಿನ ಶಾಯಿಯಲ್ಲೇ ಇದೆ.